ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡ್) ಮಾಡಿಸಿದ ಮೇಲೆ ಅಂಗವಿಕಲತೆ 75% ಇದ್ದದ್ದು 59% ಆಯಿತು, ಪಿಂಚಣಿ 1,400ರಿಂದ 800ಕ್ಕೆ ಇಳಿಯಿತು. ಏನು ಮಾಡಬೇಕು?

ತುಂಗಾತೀರ
ಇಲ್ಲಿ ಬೇರೆ ಯಾರಿಗಾದರೂ ಹೀಗಾಗಿದೆಯಾ?

ನಮ್ಮಣ್ಣನಿಗೆ ಮಗುವಾಗಿದ್ದಾಗಲೇ ಪೋಲಿಯೋ ಆಗಿ ಬಲಗಾಲು ಸೊರಗಿದೆ. ಎರಡೂ ಕಿವಿ ಮಂದ. ಹಳೇ ಗುರುತಿನ ಪುಸ್ತಕದಲ್ಲಿ 75% ಎಂದು ಕೈಯಲ್ಲಿ ಬರೆದು ಸೀಲ್ ಹಾಕಿದ್ದರು. ಅದರ ಮೇಲೆ ತಿಂಗಳಿಗೆ 1,400 ರೂಪಾಯಿ ಬರುತ್ತಿತ್ತು. ಯುಡಿಐಡಿ ಕಾರ್ಡ್ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ ಎಂದರು. ಸರಿ ಅಂತ ಅರ್ಜಿ ಹಾಕಿ, ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಾಲು, ಕಿವಿ ಎರಡನ್ನೂ ತೋರಿಸಿದೆವು. ಕಾಲಿಗೆ 40, ಕಿವಿಗೆ 35 ಅಂತ ಬರೆದರು. ಆದರೆ ಕಾರ್ಡಿನಲ್ಲಿ ಒಟ್ಟು 59%! 40ಕ್ಕೆ 35 ಕೂಡಿದರೆ 59 ಆಗುವುದು ಯಾವ ಶಾಲೆಯಲ್ಲಿ?

ಈಗ 75ರ ಕೆಳಗಿದ್ದಾನೆ ಅಂತ 800 ಹಾಕುತ್ತಿದ್ದಾರೆ. ಅವನ ಕಾಲೇನೂ ನೆಟ್ಟಗಾಗಿಲ್ಲ, ಕಿವಿಯೂ ಸರಿಹೋಗಿಲ್ಲ. 600 ರೂಪಾಯಿ ಎಷ್ಟೋ ಜನರಿಗೆ ಲೆಕ್ಕಕ್ಕಿಲ್ಲ. ಅವನ ಬಿಪಿ ಮಾತ್ರೆ, ಹಿಯರಿಂಗ್ ಏಡ್ ಬ್ಯಾಟರಿ ಎಲ್ಲ ಅದರಲ್ಲೇ ನಡೆಯುತ್ತಿತ್ತು. ಯಾರನ್ನು ಕೇಳಬೇಕು? ಡಾಕ್ಟರನ್ನಾ, ನಾಡಕಚೇರಿಯವರನ್ನಾ? ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಕಡಲೆಪುರಿ
ಉಳಿದ 16 ಜಿಎಸ್‌ಟಿಗೆ ಹೋಗಿರಬೇಕು.

ನೇರ ನುಡಿ
ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಅಣ್ಣನ ಬಗ್ಗೆ ಹೇಳುತ್ತಿಲ್ಲ. ಆದರೆ ಆ ಹಳೇ ಪುಸ್ತಕಗಳ ಕಾಲದಲ್ಲಿ ಏನೇನು ನಡೆದಿದೆ ಅಂತ ಎಲ್ಲರಿಗೂ ಗೊತ್ತು. ನಮ್ಮೂರಲ್ಲಿ ದಿನಾ ತೋಟಕ್ಕೆ ಗೊಬ್ಬರ ಹೊರುವ ಮನುಷ್ಯನಿಗೆ ಪಿಂಚಣಿ ಬರುತ್ತದೆ. ದೊಡ್ಡ ಮಟ್ಟದಲ್ಲೂ ಅಷ್ಟೇ. 2024ರಲ್ಲಿ ಆ ಪುಣೆಯ ಐಎಎಸ್ ತರಬೇತಿಯವರ ಅಂಗವಿಕಲತೆ ಸರ್ಟಿಫಿಕೇಟಿನ ಗಲಾಟೆ ನೋಡಿದಿರಲ್ಲ, ಯುಪಿಎಸ್‌ಸಿ ಕೊನೆಗೆ ಆಯ್ಕೆಯನ್ನೇ ರದ್ದು ಮಾಡಿತು. ಮರುತಪಾಸಣೆ ಬೇಕೇ ಬೇಕು. ಸುಳ್ಳು ಸರ್ಟಿಫಿಕೇಟಿನವರು ತಿಂದಿದ್ದು ನಿಜವಾದವರ ಪಾಲು.

ಗಾಲಿ ಗಿರಾಕಿ
@ನೇರ ನುಡಿ ಐಎಎಸ್ ಸೀಟಿಗೆ ಮೋಸ ಮಾಡಿದರು ಅಂತ 800 ರೂಪಾಯಿಯವನನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸುವುದಾ? ಒಳ್ಳೇ ನ್ಯಾಯ ಕಣ್ರೀ.

ಇನ್ನೊಂದು ಮಾತು. ಗೊಬ್ಬರ ಹೊರುವವನಿಗೆ ವಿಕಲತೆ ಇಲ್ಲ ಅಂತ ನೀವು ಹೇಗೆ ತೀರ್ಮಾನ ಮಾಡಿದಿರಿ? 2016ರ ಕಾಯ್ದೆಯಲ್ಲಿ 21 ಬಗೆ ಇದೆ, ಮೊದಲು ಏಳೇ ಇದ್ದವು. ಹಿಮೋಫಿಲಿಯಾ, ತಲಸೀಮಿಯಾ, ಮಾನಸಿಕ ಕಾಯಿಲೆ, ಕಿವುಡು, ಇದೆಲ್ಲ ರಸ್ತೆಯಲ್ಲಿ ನಿಂತು ನೋಡಿದರೆ ಕಾಣುತ್ತಾ? ನನ್ನ ಹತ್ತಿರ ಗಾಲಿಕುರ್ಚಿ ಇದೆ, ಆದ್ದರಿಂದ ಯಾರೂ ಕೇಳುವುದಿಲ್ಲ. ಕುರ್ಚಿ ಇಲ್ಲದವರ ಪಾಡೇ ಕಷ್ಟ.

ನೇರ ನುಡಿ
ಕಾಣದಿದ್ದರೆ ತಪಾಸಣೆಯಲ್ಲಿ ಗೊತ್ತಾಗುತ್ತದೆ. ಅದಕ್ಕೇ ತಪಾಸಣೆ ಬೇಕು ಎಂದಿದ್ದು. ಎಲ್ಲದಕ್ಕೂ ಸಿಟ್ಟಾದರೆ ಹೇಗೆ.

ಲೆಕ್ಕದ ಮೇಷ್ಟ್ರು
ತುಂಗಾತೀರ ಅವರೇ, ನಿಮ್ಮ 59ರ ಗುಟ್ಟು ನನಗೆ ಗೊತ್ತು. ಡಾಕ್ಟರ ತಪ್ಪಲ್ಲ, ಕಂಪ್ಯೂಟರ ತಪ್ಪೂ ಅಲ್ಲ.

ಒಬ್ಬರಿಗೆ ಎರಡು ಬಗೆಯ ವಿಕಲತೆ ಇದ್ದರೆ ಎರಡು ಶೇಕಡಾವನ್ನು ಸುಮ್ನೆ ಕೂಡಿಸುವ ಹಾಗಿಲ್ಲ. ಒಂದು ಸೂತ್ರ ಇದೆ. ದೊಡ್ಡ ಸಂಖ್ಯೆ ಅ, ಚಿಕ್ಕದು ಬ ಅಂದುಕೊಳ್ಳಿ. ಒಟ್ಟು = ಅ + ಬ × (90 − ಅ) ÷ 90.

ನಿಮ್ಮ ಅಣ್ಣನ ಲೆಕ್ಕ: 90ರಲ್ಲಿ 40 ಕಳೆದರೆ 50. 35 ಗುಣಿಸು 50, ಭಾಗಿಸು 90 ಅಂದರೆ 19.4. ಅದಕ್ಕೆ 40 ಸೇರಿಸಿದರೆ 59.4. ಬಂತಲ್ಲ 59.

ಹಳೇ ಮಾರ್ಗಸೂಚಿಯಲ್ಲೂ ಇದೇ ಸೂತ್ರ ಇತ್ತು. 2018ರ ಜನವರಿಯದ್ದರಲ್ಲೂ ಇದೆ. ಆದರೆ ಆಗ ಕ್ಯಾಂಪಿನಲ್ಲಿ ನೂರಾರು ಜನ ಸಾಲು ನಿಂತಿರುತ್ತಿದ್ದರು, ಯಾರೋ ನೇರವಾಗಿ ಕೂಡಿಸಿ ಬರೆದಿರಬೇಕು. 75 ಬಂದದ್ದು ಹಾಗೆ. ಈಗ ಎಲ್ಲ ಆನ್‌ಲೈನ್ ಆದ ಮೇಲೆ ಸೂತ್ರ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸೂತ್ರದಲ್ಲಿ ಸರಿಯಾಗಿ 75 ಬರಬೇಕಾದರೆ ಒಂದು 60, ಇನ್ನೊಂದು 45 ಇರಬೇಕು. ನೀವೇ ಹಾಕಿ ನೋಡಿ.

ಕಡಲೆಪುರಿ
ಮೇಷ್ಟ್ರೇ, ಹತ್ತನೇ ಕ್ಲಾಸಿನಲ್ಲಿ ನೀವು ಸಿಕ್ಕಿದ್ದರೆ ನಾನು ಪಾಸಾಗುತ್ತಿದ್ದೆ.

ತುಂಗಾತೀರ
ಧನ್ಯವಾದ ಮೇಷ್ಟ್ರೇ. ಅಷ್ಟು ಜನರನ್ನು ಕೇಳಿದರೂ ಒಬ್ಬರೂ ಇದನ್ನು ಹೇಳಲಿಲ್ಲ. "ಸಿಸ್ಟಮ್ ಹಾಗೆ ತೋರಿಸುತ್ತೆ" ಎಂದರು ಅಷ್ಟೇ.

ಆದರೆ ಒಂದು ಅರ್ಥವಾಗಲಿಲ್ಲ. ಕಾಲೂ ಇಲ್ಲ, ಕಿವಿಯೂ ಇಲ್ಲ ಅಂದರೆ ಕಷ್ಟ ಜಾಸ್ತಿ ಆಗಬೇಕಲ್ವಾ? ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಅವನಿಗೆ ಕೇಳಿಸುವುದಿಲ್ಲ, ಕೇಳಿಸಿದರೂ ಬೇಗ ಪಕ್ಕಕ್ಕೆ ಸರಿಯಲು ಆಗುವುದಿಲ್ಲ. ಸೂತ್ರ ಮಾಡಿದವರು ಇದನ್ನು ಯೋಚನೆ ಮಾಡಿದ್ದರಾ?

ಲೆಕ್ಕದ ಮೇಷ್ಟ್ರು
ಒಟ್ಟು ಎಂದೂ ನೂರು ದಾಟಬಾರದು, ಅದಕ್ಕೆ ಹಾಗೆ ಮಾಡಿದ್ದಾರೆ. 60ಕ್ಕೆ 60 ಕೂಡಿದರೆ 120 ಆಗಿಬಿಡುತ್ತದೆ. ಲೆಕ್ಕದ ದೃಷ್ಟಿಯಲ್ಲಿ ಸರಿ. ಲಾರಿ ಹಾರ್ನ್ ದೃಷ್ಟಿಯಲ್ಲಿ ನೀವು ಹೇಳಿದ್ದು ಸರಿ.

ಪಂಚಾಯ್ತಿ ಅಕ್ಕ
ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ವಿಆರ್‌ಡಬ್ಲ್ಯೂ ಅಂತಾರಲ್ಲ, ಗೌರವಧನದ ಮೇಲೆ ಎಲ್ಲ ಕೆಲಸ ಮಾಡುವವರು, ಅದೇ. ಈ ಪ್ರಶ್ನೆ ನನ್ನ ಹತ್ತಿರ ಬರುತ್ತಲೇ ಇರುತ್ತದೆ. ಸೂತ್ರದ ಜೊತೆ ಜಗಳ ಆಡಬೇಡಿ, ಗೆಲ್ಲುವುದಿಲ್ಲ. ಸೂತ್ರಕ್ಕೆ ಹಾಕಿದ 40 ಮತ್ತು 35 ಸರಿಯಾಗಿದೆಯಾ ಅಂತ ನೋಡಿ.

ಕಿವಿ ಪರೀಕ್ಷೆ ಮಾಡುವಾಗ ಹಿಯರಿಂಗ್ ಏಡ್ ತೆಗೆಸಿದ್ದರಾ? ಏಡ್ ಇಲ್ಲದೆ ಎಷ್ಟು ಕೇಳುತ್ತದೆ ಅನ್ನುವುದೇ ಲೆಕ್ಕ. ಕಾಲಿಗೆ ಬರೀ ನೋಡಿ ಬರೆದರಾ, ಅಥವಾ ಒಂದೊಂದು ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿಗೆ ಎಷ್ಟು ಬಲ ಇದೆ, ಕಾಲು ಎಷ್ಟು ಗಿಡ್ಡ ಆಗಿದೆ ಅಂತೆಲ್ಲ ಅಳೆದರಾ? ಪೋಲಿಯೋ ಆದವರಿಗೆ ನಡುವಯಸ್ಸು ದಾಟಿದ ಮೇಲೆ ಮತ್ತೆ ಬಲ ಕಡಿಮೆಯಾಗುವುದು ಉಂಟು. ಹಳೇ ರಿಪೋರ್ಟಿನ ಸಂಖ್ಯೆಯನ್ನೇ ಎತ್ತಿ ಬರೆದಿದ್ದರೆ ಮತ್ತೆ ಅಳೆಯಿರಿ ಅಂತ ಕೇಳಲು ನಿಮಗೆ ಹಕ್ಕಿದೆ. ತಪಾಸಣೆಯ ಹಾಳೆಯ ನಕಲು ಕೇಳಿ ತೆಗೆದುಕೊಳ್ಳಿ. ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ.

ಇನ್ನೊಂದು ಎಡವಟ್ಟು ಎಲ್ಲರೂ ಗಮನಿಸಿ. ಯುಡಿಐಡಿ ಕಾರ್ಡಿಗೆ ಬಣ್ಣ ಇದೆ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ನಮ್ಮ ರಾಜ್ಯದ ಪಿಂಚಣಿ ಗೆರೆ ಇರುವುದು 75ಕ್ಕೆ. 77% ಇದ್ದವರ ಕಾರ್ಡ್ ಹಳದಿ. ಕೌಂಟರಿನಲ್ಲಿ ಬಣ್ಣ ನೋಡಿ 800ರ ಸಾಲಿಗೆ ತಳ್ಳಿದ್ದನ್ನು ನಾನೇ ಸರಿ ಮಾಡಿಸಿದ್ದೇನೆ. ಕಾರ್ಡಿನ ಬಣ್ಣ ಅಲ್ಲ, ಸಂಖ್ಯೆ ಓದಿಸಿ.

ಗಾಲಿ ಗಿರಾಕಿ
ಅಕ್ಕ, ಗೆರೆಗಳ ಪುರಾಣ ಪೂರ್ತಿ ಹೇಳಿಬಿಡಿ. ಕಾಯ್ದೆಯಲ್ಲಿ 40. ರಾಜ್ಯದ ಪಿಂಚಣಿಗೆ 75. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಗೆ 80, ಅದೂ ಬಿಪಿಎಲ್ ಆಗಿರಬೇಕು. ಕೇಂದ್ರ ಅದಕ್ಕೆ ಕೊಡುವುದು ತಿಂಗಳಿಗೆ 300 ರೂಪಾಯಿ. 2012ರಿಂದ ಅದೇ 300. ಆಗ ಹುಟ್ಟಿದ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ.

ಕರಾವಳಿ ಕಾಗೆ
ನಮ್ಮ ಕಡೆ ಇನ್ನೊಂದು ಗೆರೆ ಇದೆ. ಎಂಡೋಸಲ್ಫಾನ್ ಪೀಡಿತರಿಗೆ 25% ಇದ್ದರೂ ಮಾಸಾಶನ ಉಂಟು, 60% ದಾಟಿದರೆ ಜಾಸ್ತಿ. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಲ್ಲಿ ಮದ್ದು ಹೊಡೆದದ್ದು ಸರ್ಕಾರದ ನಿಗಮವೇ ಅಲ್ವಾ, ಹಾಗಾಗಿ. ಅದಕ್ಕೂ ಜನ ವರ್ಷಗಟ್ಟಲೆ ಹೋರಾಟ ಮಾಡಬೇಕಾಯಿತು, ಹೈಕೋರ್ಟಿನವರೆಗೆ ಹೋಯಿತು. ಸುಮ್ನೆ ಕೊಟ್ಟದ್ದಲ್ಲ.

ಬಳ್ಳಾರಿ ಬಿಸಿಲು
ನಿಮಗೆಲ್ಲ ಹೊಟ್ಟೆ ಉರಿಸುವ ವಿಷಯ ಹೇಳಲಾ? ನಮ್ಮೂರಿಂದ ಸ್ವಲ್ಪ ದೂರ ಹೋದರೆ ಆಂಧ್ರ. ಅಲ್ಲಿ 2024ರ ಜುಲೈನಿಂದ ಅಂಗವಿಕಲರ ಪಿಂಚಣಿ 3,000 ಇದ್ದದ್ದು 6,000 ಆಗಿದೆ. ಪೂರ್ತಿ ಹಾಸಿಗೆ ಹಿಡಿದವರಿಗೆ 15,000. ಅದೂ ಮನೆ ಬಾಗಿಲಿಗೆ ಬಂದು ಕೊಟ್ಟು ಹೋಗುತ್ತಾರೆ. ತೆಲಂಗಾಣದಲ್ಲಿ 4,016. ನಮ್ಮ ಸೋದರತ್ತೆಯ ಮಗ ಆ ಕಡೆ, ನಾನು ಈ ಕಡೆ. ಇಬ್ಬರಿಗೂ ಒಂದೇ ಥರ ಪೋಲಿಯೋ ಕಾಲು. ಅವನಿಗೆ 6,000, ನನಗೆ 800. ಹಬ್ಬಕ್ಕೆ ಬಂದರೆ ಅವನೇ ನನಗೆ ಬಟ್ಟೆ ತರುತ್ತಾನೆ.

ಕಡಲೆಪುರಿ
ಮದುವೆ ಸಂಬಂಧ ನೋಡುವುದಾದರೆ ಆ ಕಡೆಯೇ ನೋಡಿ ಸಾರ್.

ನೇರ ನುಡಿ
@ಬಳ್ಳಾರಿ ಬಿಸಿಲು ಆಮೇಲೆ ಅಲ್ಲಿ ಏನಾಯಿತು ಅಂತಲೂ ಹೇಳಿ. ದುಡ್ಡು ಏರಿಸಿದ ಮೇಲೆ 2025ರಲ್ಲಿ ಎಲ್ಲರನ್ನೂ ಮರುತಪಾಸಣೆಗೆ ಕರೆದರು. 40ಕ್ಕಿಂತ ಕಡಿಮೆ ಬಂದವರಿಗೆ ನೋಟಿಸ್ ಹೋಯಿತು. ಮೊತ್ತ ಜಾಸ್ತಿ ಆದಷ್ಟೂ ಸುಳ್ಳು ಅರ್ಜಿಗಳೂ ಜಾಸ್ತಿ. ನಾನು ಹೇಳಿದ್ದೂ ಇದನ್ನೇ.

ಬಳ್ಳಾರಿ ಬಿಸಿಲು
ನೋಟಿಸ್ ಬಂದವರಲ್ಲಿ ನಿಜವಾದವರೂ ಇದ್ದರು, ಅದಕ್ಕೇ ಬೀದಿಗಿಳಿದರು. ಗಲಾಟೆ ಆದ ಮೇಲೆ ಮೇಲ್ಮನವಿ ಹಾಕಿಕೊಳ್ಳಿ, ಅಲ್ಲಿಯವರೆಗೆ ಕೊಡುತ್ತೇವೆ ಎಂದರು. ನಮ್ಮಲ್ಲಿ ಹಾಗಾ? ಮೊದಲು ನಿಲ್ಲಿಸಿ ಆಮೇಲೆ ಕಾಗದ ಕೇಳುತ್ತಾರೆ. ತಪಾಸಣೆ ಮಾಡಲಿ ಸ್ವಾಮಿ, ಯಾರು ಬೇಡ ಅಂದರು? ತಪಾಸಣೆ ಮುಗಿಯುವವರೆಗೆ ಹಳೇ ದುಡ್ಡು ಕೊಡಲಿ. ಇಷ್ಟೇ ಕೇಳುವುದು.

ನೇರ ನುಡಿ
ಅದಕ್ಕೆ ನನ್ನ ಒಪ್ಪಿಗೆ ಇದೆ.

ಗಾಲಿ ಗಿರಾಕಿ
ಅಬ್ಬಾ! ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಕಾಯ್ದೆ ಕಟ್ಟೆ
ವಕೀಲಿ ಮಾಡುತ್ತೇನೆ, ಆದರೆ ಇದನ್ನು ಸಲಹೆ ಅಂತ ತಗೊಳ್ಳದೆ ಮಾಹಿತಿ ಅಂತ ಓದಿಕೊಳ್ಳಿ.

ತುಂಗಾತೀರ ಅವರ ವಿಷಯಕ್ಕೆ ಬೇಕಾದದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಂ. ಪ್ರಮಾಣಪತ್ರ ಕೊಟ್ಟವರ ತೀರ್ಮಾನ ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಹಾಕಬಹುದು. ಅದಕ್ಕೆ ಕಾಲಮಿತಿ ಇರುತ್ತದೆ, ಆದ್ದರಿಂದ ಕಾರ್ಡ್ ಕೈಗೆ ಬಂದ ಕೂಡಲೇ ಹಾಕಿ. ಪಿಂಚಣಿ ಇಳಿಸಿದ್ದು ಬೇರೆ ವಿಷಯ, ಅದು ಕಂದಾಯ ಇಲಾಖೆಯದ್ದು. ಎರಡು ಅರ್ಜಿ, ಎರಡು ಕಚೇರಿ. ಒಂದರಲ್ಲಿ ಇನ್ನೊಂದನ್ನು ಬೆರೆಸಿದರೆ ಎರಡೂ ಮೂಲೆಗೆ ಬೀಳುತ್ತವೆ. ಎಲ್ಲೂ ಆಗದಿದ್ದರೆ ಅಂಗವಿಕಲರ ವಿಷಯ ನೋಡುವ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಸಮನ್ಸ್ ಕಳಿಸುವ, ದಾಖಲೆ ತರಿಸುವ ಅಧಿಕಾರ ಅವರಿಗಿದೆ.

ಇನ್ನು ಮೊತ್ತದ ವಿಷಯ. ಅದೇ ಕಾಯ್ದೆಯ 24ನೇ ಕಲಂ ಓದಿ. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಬೇರೆಯವರಿಗೆ ಕೊಡುವುದಕ್ಕಿಂತ ವಿಕಲಚೇತನರಿಗೆ ಕನಿಷ್ಠ 25% ಜಾಸ್ತಿ ಕೊಡಬೇಕು ಅಂತ ಇದೆ. ಈಗ 2021ರ ಜುಲೈ ನೆನಪು ಮಾಡಿಕೊಳ್ಳಿ. ಬೊಮ್ಮಾಯಿ ಮುಖ್ಯಮಂತ್ರಿ ಆದ ಮೊದಲ ದಿನ ಮೂರು ಏರಿಕೆ ಘೋಷಿಸಿದರು. ಸಂಧ್ಯಾ ಸುರಕ್ಷಾ 1,000ದಿಂದ 1,200ಕ್ಕೆ, ವಿಧವಾ ವೇತನ 600ರಿಂದ 800ಕ್ಕೆ, 40ರಿಂದ 75% ಇರುವ ಅಂಗವಿಕಲರಿಗೆ 600ರಿಂದ 800ಕ್ಕೆ. 1,200ಕ್ಕೆ 25% ಸೇರಿಸಿದರೆ 1,500 ಆಗಬೇಕು. ಸಿಗುತ್ತಿರುವುದು 800. 75% ದಾಟಿದವರ 1,400 ಕೂಡ 1,500 ಮುಟ್ಟುವುದಿಲ್ಲ.

ಸರ್ಕಾರದ ಕಡೆ ವಾದ ಇಲ್ಲ ಅಂತಲ್ಲ. ಅದೇ ಕಲಂ ಶುರುವಾಗುವುದೇ "ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ" ಅಂತ. ವೃದ್ಧರ ಪಿಂಚಣಿ ಅಂಗವಿಕಲರದ್ದನ್ನು ಹೋಲುವ ಯೋಜನೆಯಾ ಅಂತಲೂ ಎಳೆದಾಡಬಹುದು. ಎಳೆದಾಡಲಿ, ಆದರೆ 25% ಜಾಸ್ತಿ ಅನ್ನುವ ಜಾಗದಲ್ಲಿ ಮೂರನೇ ಒಂದು ಭಾಗ ಕಡಿಮೆ ಇದೆ ಅನ್ನುವುದು ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ಬಳ್ಳಾರಿ ಬಿಸಿಲು
ನಮ್ಮಮ್ಮನಿಗೆ ಗೃಹಲಕ್ಷ್ಮಿ 2,000. ಅಪ್ಪನಿಗೆ ಸಂಧ್ಯಾ ಸುರಕ್ಷಾ 1,200. ಕಾಲಿಲ್ಲದ ನನಗೆ 800. ಮನೆಯಲ್ಲಿ ನಾನೇ ಕಡು ಬಡವ.

ಮೈಸೂರು ಪಾಕ
ಗ್ಯಾರಂಟಿಗೆ ದುಡ್ಡೆಲ್ಲ ಹೋದರೆ ಉಳಿದವರಿಗೆ ಎಲ್ಲಿಂದ ಬರಬೇಕು? ಈ ಸರ್ಕಾರ

ಮಾಡರೇಟರ್
ಮೈಸೂರು ಪಾಕ ಅವರ ಪೋಸ್ಟಿನ ಉಳಿದ ಭಾಗ ತೆಗೆದಿದ್ದೇನೆ. ಪಕ್ಷದ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಕಿತ್ತಾಡಿ.

ಮೈಸೂರು ಪಾಕ
ನಾನು ಎರಡೂ ಪಕ್ಷಕ್ಕೆ ಬೈದಿದ್ದೆ.

ಮಾಡರೇಟರ್
ಅದಕ್ಕೇ ಉದ್ದ ಆಗಿತ್ತು.

ಶಾಂತಲೆಯ ನೆರಳು
ಇಷ್ಟೊತ್ತು ಓದುತ್ತಾ ಇದ್ದೆ, ಈಗ ಬರೆಯುತ್ತೇನೆ. ನನ್ನ ಮಗನಿಗೆ ಬುದ್ಧಿ ಬೆಳವಣಿಗೆಯ ತೊಂದರೆ. ಈಗ 22 ವರ್ಷ. ಅವನಿಗೆ 2,000 ಬರುತ್ತದೆ, ಶೇಕಡಾ ಗಲಾಟೆ ನಮಗಿಲ್ಲ. ನಮ್ಮದು ಬೇರೆ ಗೋಳು.

ಅವನಿಗೆ 18 ತುಂಬಿದ ಕೂಡಲೇ ಬ್ಯಾಂಕಿನವರು ಇನ್ನು ಅವನು ಮೈನರ್ ಅಲ್ಲ, ಅವನೇ ಸಹಿ ಹಾಕಬೇಕು, ಇಲ್ಲದಿದ್ದರೆ ಪೋಷಕತ್ವದ ಪತ್ರ ತನ್ನಿ ಎಂದರು. ತಾಯಿ ನಾನೇ ಎದುರಿಗೆ ಕೂತಿದ್ದೇನೆ! ಆಮೇಲೆ ಯಾರೋ ಪುಣ್ಯಾತ್ಮರು ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಗ್ಗೆ ಹೇಳಿದರು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಯೇ ಪೋಷಕರನ್ನು ನೇಮಿಸುತ್ತದೆ, ಕೋರ್ಟಿಗೆ ಹೋಗಬೇಕಾಗಿಲ್ಲ. ಮಕ್ಕಳಿಗೆ 17 ಆಗುವಾಗಲೇ ಕಾಗದಗಳನ್ನು ಹೊಂದಿಸಿಕೊಳ್ಳಲು ಶುರು ಮಾಡಿ, ಕೈಮುಗಿದು ಹೇಳುತ್ತೇನೆ. ಅದೇ ಟ್ರಸ್ಟಿನ ನಿರಾಮಯ ಅನ್ನುವ 1 ಲಕ್ಷದ ಆರೋಗ್ಯ ವಿಮೆಯೂ ಇದೆ. ಥೆರಪಿ ಖರ್ಚಿಗೂ ಅದರಲ್ಲಿ ಸ್ವಲ್ಪ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ಸಲ ಪಿಂಚಣಿ ನಿಂತೇ ಹೋಯಿತು. ಕಚೇರಿಯಲ್ಲಿ "ನಮ್ಮಿಂದ ಹೋಗಿದೆ" ಅಂತಾರೆ, ಪಾಸ್‌ಬುಕ್‌ನಲ್ಲಿ ಇಲ್ಲ. ಕೊನೆಗೆ ನೋಡಿದರೆ ದುಡ್ಡು ಇನ್ನೊಂದು ಬ್ಯಾಂಕಿನ ಖಾತೆಗೆ ಹೋಗಿ ಕೂತಿದೆ. ಯಾವುದೋ ವಿದ್ಯಾರ್ಥಿವೇತನಕ್ಕೆ ಅಂತ ತೆರೆದ ಖಾತೆ, ನಾವು ಮರೆತೇಬಿಟ್ಟಿದ್ದೆವು.

ಪಂಚಾಯ್ತಿ ಅಕ್ಕ
ಅದು ಎನ್‌ಪಿಸಿಐ ಮ್ಯಾಪಿಂಗ್ ಕಥೆ. ಈಗ ದುಡ್ಡು ಹೋಗುವುದು ಖಾತೆ ನಂಬರಿಗೆ ಅಲ್ಲ, ಆಧಾರ್‌ಗೆ. ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ಪಿಂಚಣಿ ನಿಂತಿದೆ ಅಂತ ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಕೇಳುವುದು "ಇತ್ತೀಚೆಗೆ ಹೊಸ ಖಾತೆ ತೆರೆದಿರಾ?" ಅಂತ. ಕೆಲವರ ದುಡ್ಡು ಹೀಗೆ ಸಿಕ್ಕಿದೆ. ಆಧಾರ್‌ನಲ್ಲೂ ಪಿಂಚಣಿ ದಾಖಲೆಯಲ್ಲೂ ಹೆಸರು ಒಂದೇ ಥರ ಇದೆಯಾ ಅಂತಲೂ ನೋಡಿಸಿ. ತಂದೆ ಹೆಸರಿನ ಮೊದಲ ಅಕ್ಷರ ಹಿಂದೆ ಮುಂದೆ ಆದರೂ ಸಿಕ್ಕಿಹಾಕಿಕೊಳ್ಳುತ್ತದೆ.

@ಶಾಂತಲೆಯ ನೆರಳು, 2024ರ ಬಜೆಟ್ಟಿನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ಅಂತ ಹೇಳಿದ್ದರಲ್ಲ, ನೋಡಿದಿರಾ?

ಶಾಂತಲೆಯ ನೆರಳು
ನೋಡಿದೆ ಅಕ್ಕ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ಅಂತ ಇತ್ತು. ನನ್ನ ಮಗನದ್ದು ಆ ಪಟ್ಟಿಯಲ್ಲಿಲ್ಲ. ಅವನನ್ನು ಬಿಟ್ಟು ಹತ್ತು ನಿಮಿಷ ಅಂಗಡಿಗೆ ಹೋಗಲು ಆಗುವುದಿಲ್ಲ, ಆದರೂ ನಾನು ಆರೈಕೆ ಮಾಡುವವಳಲ್ಲ.

ಕಪ್ಪು ಕನ್ನಡಕ
ನಾನು ಪೂರ್ತಿ ಅಂಧ, ಸ್ಕ್ರೀನ್ ರೀಡರಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಓದಿಕೊಳ್ಳಿ. ಅಂಗವಿಕಲರಿಗೆ ಅಂತಲೇ ಮಾಡುವ ಸರ್ಕಾರಿ ಪೋರ್ಟಲ್‌ಗಳಲ್ಲಿ ವಂಕಿ ವಂಕಿ ಅಕ್ಷರದ ಕ್ಯಾಪ್ಚಾ ಚಿತ್ರ ಹಾಕುತ್ತಾರಲ್ಲ, ಅದನ್ನು ಹೊಳೆದು ಮಾಡಿದ ಮಹಾನುಭಾವರನ್ನು ಒಮ್ಮೆ ಭೇಟಿ ಮಾಡಬೇಕು. ಪ್ರತಿ ಸಲ ಸೈಬರ್ ಸೆಂಟರ್ ಹುಡುಗನಿಗೆ ನನ್ನ ಆಧಾರ್, ಓಟಿಪಿ ಎಲ್ಲ ಒಪ್ಪಿಸಿ ಕೂರಬೇಕು.

ನನ್ನ ಗೆಳೆಯನೊಬ್ಬನಿಗೆ ಕುಷ್ಠ ವಾಸಿಯಾಗಿದೆ, ಬೆರಳ ತುದಿಗಳು ಸವೆದಿವೆ. ಹೆಬ್ಬೆಟ್ಟು ಒತ್ತು, ಹೆಬ್ಬೆಟ್ಟು ಒತ್ತು ಅಂತಾರೆ. ಒತ್ತಲು ಏನಿದೆ ಅಲ್ಲಿ? ಕಣ್ಣಿನ ಸ್ಕ್ಯಾನ್, ಮುಖದ ಸ್ಕ್ಯಾನ್ ಮಾಡಬಹುದು ಅಂತ ನಿಯಮ ಇದ್ದರೂ ಆ ಯಂತ್ರ ಇಲ್ಲ ಅಂತಾರೆ.

ಲೆಸ್ಟರ್ ಕನ್ನಡಿಗ
ಇಂಗ್ಲೆಂಡಿನಿಂದ. ಇಲ್ಲಿ ಅಂಗವಿಕಲರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಇಲ್ಲಿ ಪಿಪ್ ಅನ್ನುವ ಭತ್ಯೆ ಇದೆ. ಕಾಯಿಲೆಗೆ ಶೇಕಡಾ ಹಾಕುವುದಿಲ್ಲ. ಅಡುಗೆ ಮಾಡಿಕೊಳ್ಳಲು ಆಗುತ್ತಾ, ಸ್ನಾನ ಆಗುತ್ತಾ, ಬಟ್ಟೆ ಹಾಕಿಕೊಳ್ಳಲು ಆಗುತ್ತಾ, ಎಷ್ಟು ದೂರ ನಡೆಯುತ್ತೀರಿ ಅಂತ ಕೇಳಿ ಒಂದೊಂದಕ್ಕೆ ಅಂಕ. 2025ರ ಮಾರ್ಚಿನಲ್ಲಿ ಸರ್ಕಾರ ಹೊಸ ಷರತ್ತು ತರಲು ಹೊರಟಿತು, ಯಾವುದಾದರೂ ಒಂದು ದಿನನಿತ್ಯದ ಕೆಲಸದಲ್ಲೇ 4 ಅಂಕ ಬರಬೇಕು ಅಂತ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಷ್ಟ ಇರುವವರಿಗೆ ಕೈತಪ್ಪುತ್ತಿತ್ತು. ಆಳುವ ಪಕ್ಷದ ಸಂಸದರೇ ತಿರುಗಿಬಿದ್ದರು, ಜುಲೈ 1ಕ್ಕೆ ಆ ಷರತ್ತನ್ನು ಮಸೂದೆಯಿಂದ ತೆಗೆದರು.

ತುಂಗಾತೀರ ಅವರು ಲಾರಿ ಹಾರ್ನ್ ವಿಷಯ ಹೇಳಿದ್ದಕ್ಕೆ ಇದನ್ನು ಬರೆದೆ. ಇಲ್ಲಿನ ಅಂಕ ಪದ್ಧತಿಯನ್ನೂ ಜನ ಬೈಯುತ್ತಾರೆ, ಆದರೆ ಕನಿಷ್ಠ ಪ್ರಶ್ನೆ ಕೇಳುವುದು ಬದುಕಿನ ಬಗ್ಗೆ.

ಗಾಲಿ ಗಿರಾಕಿ
ನಮ್ಮ ಸಂಸದರು ತಿರುಗಿಬೀಳುವುದನ್ನು ಕಲ್ಪನೆ ಮಾಡಿಕೊಂಡು ಸ್ವಲ್ಪ ಹೊತ್ತು ನಕ್ಕೆ.

ಐಟಿ ಹುಡುಗ
ವಿಷಯಾಂತರ ಕ್ಷಮಿಸಿ. ನನಗೆ 45%. ಪಿಂಚಣಿ ಬೇಡ, ಸಂಬಳ ಇದೆ. ಆದಾಯ ತೆರಿಗೆಯಲ್ಲಿ 80ಯು ಅಡಿ 75,000 ಕಳೆಯುತ್ತಿದ್ದರು, 80% ದಾಟಿದರೆ 1,25,000. ಹೊಸ ತೆರಿಗೆ ಪದ್ಧತಿಗೆ ಹೋದರೆ ಅದು ಇಲ್ಲ ಅಂತಿದ್ದಾರೆ ಆಫೀಸಿನಲ್ಲಿ. ನಿಜವಾ?

ಕಾಯ್ದೆ ಕಟ್ಟೆ
ನಿಜ. 80ಯು, ಮನೆಯವರಿಗಾಗಿ ಇರುವ 80ಡಿಡಿ, ಎರಡೂ ಹಳೇ ಪದ್ಧತಿಯಲ್ಲಿ ಮಾತ್ರ. ಎರಡರಲ್ಲೂ ಲೆಕ್ಕ ಹಾಕಿ ಯಾವುದು ಕಡಿಮೆಯೋ ಅದಕ್ಕೆ ಹೋಗಿ.

ಮೈಸೂರು ಪಾಕ
ಆದಾಯ ಅಂದಾಗ ನೆನಪಾಯಿತು. ಪಿಂಚಣಿಗೆ ವರ್ಷದ ಆದಾಯ 32,000 ದಾಟಬಾರದು. ನರೇಗಾದಲ್ಲಿ ನಮ್ಮ ರಾಜ್ಯದ ದಿನಗೂಲಿ 2025ರ ಏಪ್ರಿಲ್‌ನಲ್ಲಿ 370 ಆಯಿತು. ಮನೆಯಲ್ಲಿ ಯಾರಾದರೂ ಪೂರ್ತಿ ನೂರು ದಿನ ಗುಂಡಿ ತೋಡಿದರೆ 37,000 ಆಗುತ್ತದೆ. ಸರ್ಕಾರ ಕೊಟ್ಟ ಕೂಲಿಯೇ ಸರ್ಕಾರದ ಮಿತಿ ದಾಟಿಬಿಡುತ್ತದೆ. ಈಗ ಇದನ್ನೂ ಅಳಿಸಿ ಮಾಡರೇಟರ್ ಸಾಹೇಬರೇ.

ಮಾಡರೇಟರ್
ಇದು ಲೆಕ್ಕ. ಇರಲಿ.

ಲೆಕ್ಕದ ಮೇಷ್ಟ್ರು
ಸರಿಯಾದ ಲೆಕ್ಕ. ಅದಕ್ಕೇ ಆದಾಯ ಪ್ರಮಾಣಪತ್ರದಲ್ಲಿ ಎಲ್ಲರ ಆದಾಯವೂ 30,000, 31,000 ಅಂತಲೇ ಇರುತ್ತದೆ. ಬರೆಯುವವರಿಗೂ ಗೊತ್ತು, ಬರೆಸಿಕೊಳ್ಳುವವರಿಗೂ ಗೊತ್ತು. ಆಮೇಲೆ ಅನರ್ಹರ ಪತ್ತೆ ಅಂತ ಬಂದಾಗ ಸಿಕ್ಕಿಬೀಳುವುದು ಇವರೇ. ನೇರ ನುಡಿ ಅವರೇ, ಮಿತಿಯನ್ನು ಇಷ್ಟು ಕೆಳಗೆ ಇಟ್ಟರೆ ಪ್ರಾಮಾಣಿಕನೂ ಸುಳ್ಳು ಬರೆಸಬೇಕಾಗುತ್ತದೆ.

ನೇರ ನುಡಿ
ಮಿತಿ ಏರಿಸಲಿ ಅನ್ನಿ, ಒಪ್ಪುತ್ತೇನೆ. ಸುಳ್ಳು ಬರೆಸಲಿ ಅನ್ನಬೇಡಿ. 2016ರ ಕಾಯ್ದೆಯ 91ನೇ ಕಲಂ ಪ್ರಕಾರ ಮೋಸದಿಂದ ಸೌಲಭ್ಯ ತೆಗೆದುಕೊಂಡರೆ ಎರಡು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ನಾನೂ ಕಾಯ್ದೆ ಓದುತ್ತೇನೆ.

ಹಾಸನದ ಹೈದ
ಯುಡಿಐಡಿಗೆ ಅರ್ಜಿ ಹಾಕಿ ವರ್ಷ ಆಗುತ್ತಾ ಬಂತು, "ಪರಿಶೀಲನೆಯಲ್ಲಿದೆ" ಅಂತಲೇ ತೋರಿಸುತ್ತಿದೆ. ಸುಮ್ನೆ ಕಾಯಬೇಕಾ?

ಪಂಚಾಯ್ತಿ ಅಕ್ಕ
ಸುಮ್ನೆ ಕಾಯಬೇಡಿ! 2024ರ ಅಕ್ಟೋಬರಿನಲ್ಲಿ ನಿಯಮ ಬದಲಾಗಿದೆ. ಮೊದಲು ಒಂದು ತಿಂಗಳಲ್ಲಿ ಪ್ರಮಾಣಪತ್ರ ಕೊಡಬೇಕು ಅಂತ ಇತ್ತು, ಅದನ್ನು ಮೂರು ತಿಂಗಳು ಮಾಡಿದ್ದಾರೆ. ಎರಡು ವರ್ಷ ದಾಟಿದರೂ ವೈದ್ಯಕೀಯ ಪ್ರಾಧಿಕಾರ ತೀರ್ಮಾನ ಮಾಡದಿದ್ದರೆ ಅರ್ಜಿಯೇ ರದ್ದು, ಮತ್ತೆ ಮೊದಲಿಂದ ಹಾಕಬೇಕು. ಅರ್ಜಿ ನಂಬರ್ ಹಿಡಿದುಕೊಂಡು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ, ಅಥವಾ ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ ಹಿಡಿಯಿರಿ.

ಗಾಲಿ ಗಿರಾಕಿ
ತಡ ಮಾಡುವವರು ಅವರು, ಮತ್ತೆ ಮೊದಲಿಂದ ಓಡಾಡಬೇಕಾದವರು ನಾವು. ಇದು ಗೆಜೆಟ್‌ನಲ್ಲಿ ಬಂದ ನಿಯಮ, ಯಾರೋ ಗುಮಾಸ್ತರ ತಪ್ಪಲ್ಲ. ಸುಳ್ಳು ಸರ್ಟಿಫಿಕೇಟಿನವನಿಗೆ ಏಜೆಂಟ್ ಇರುತ್ತಾನೆ, ಅವನ ಅರ್ಜಿ ಎರಡು ವರ್ಷ ಕೊಳೆಯುವುದಿಲ್ಲ. ಕೊಳೆಯುವುದು ಹಾಸನದ ಹೈದನ ಅರ್ಜಿ. ನೇರ ನುಡಿ ಅವರೇ, ಇದಕ್ಕೇನಂತೀರಿ?

ನೇರ ನುಡಿ
ಇದಕ್ಕೆ ಏನೂ ಅನ್ನುವುದಿಲ್ಲ. ಕೆಟ್ಟ ನಿಯಮ.

ಕಡಲೆಪುರಿ
ಬಸ್ ಪಾಸ್ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ. ನಮ್ಮ ಚಿಕ್ಕಪ್ಪನಿಗೆ ಮಾಡಿಸಬೇಕು.

ಕಪ್ಪು ಕನ್ನಡಕ
ಅಂಧರಿಗೆ ಉಚಿತ. ಉಳಿದವರಿಗೆ ವರ್ಷಕ್ಕೆ 660 ರೂಪಾಯಿ, ವಾಸದ ಊರಿನಿಂದ 100 ಕಿಲೋಮೀಟರ್ ಒಳಗೆ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಬಂದಮೇಲೆ ಸಾಮಾನ್ಯ ಬಸ್ಸಿಗೆ ಪಾಸೇ ಬೇಡ. ರೈಲಿಗೆ ಬೇರೆ ಕಾರ್ಡು, ಅದರ ನಿಯಮವೇ ಬೇರೆ, ಎಲ್ಲ ಬಗೆಯವರಿಗೂ ಸಿಗುವುದಿಲ್ಲ. ಪಾಸ್ ಸಿಕ್ಕಿದರೂ ಸೀಟಿಗೆ ಮಾತ್ರ ಹೋರಾಡಬೇಕು. "ಅಂಗವಿಕಲರಿಗೆ" ಅಂತ ಬರೆದ ಸೀಟಿನಲ್ಲಿ ಕೂತವರಿಗೆ ಓದಲು ಬರುವುದಿಲ್ಲ. ನನಗಾದರೋ ಕಾಣುವುದಿಲ್ಲ.

ಕಡಲೆಪುರಿ
ಸಾರ್, ಕಾಮಿಡಿಯಲ್ಲಿ ನನ್ನ ಹೊಟ್ಟೆ ಮೇಲೆ ಹೊಡೆಯಬೇಡಿ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ತಪಾಸಣೆ ಹಾಳೆಯ ನಕಲಿಗೆ ಬರೆದು ಕೊಟ್ಟಿದ್ದೇವೆ, ಸ್ವೀಕೃತಿಯೂ ಸಿಕ್ಕಿದೆ. ಕಿವಿ ಪರೀಕ್ಷೆ ವಿಷಯ ಅಣ್ಣನನ್ನು ಕೇಳಿದೆ, ಏಡ್ ಹಾಕಿಕೊಂಡೇ ಒಳಗೆ ಹೋಗಿದ್ದೆ ಅಂತಾನೆ. ಮೇಲ್ಮನವಿಯಲ್ಲಿ ಅದನ್ನೇ ಮೊದಲು ಬರೆಯಬೇಕಾ?

ಪಂಚಾಯ್ತಿ ಅಕ್ಕ
ಅದನ್ನೇ ಮೊದಲು ಬರೆಯಿರಿ. ಆದರೆ ಕಿವಿ 35ರಿಂದ 50 ಆದರೂ ಒಟ್ಟು 72 ಹತ್ತಿರ ನಿಲ್ಲುತ್ತದೆ. ಕಾಲನ್ನೂ ಮತ್ತೆ ಅಳೆಸಿ. ಆಸೆ ಇಟ್ಟುಕೊಳ್ಳಿ, ಜಾಸ್ತಿ ಬೇಡ. ಏಡ್ ಬ್ಯಾಟರಿಗೆ ಪಂಚಾಯ್ತಿಯ 5% ಅನುದಾನದಲ್ಲಿ ಕೇಳಿ ನೋಡಿ. ಅಂಗವಿಕಲರಿಗೆ ಅಂತ ಎತ್ತಿಡಲೇಬೇಕಾದ ದುಡ್ಡು ಅದು, ಯಾರೂ ಕೇಳದಿದ್ದರೆ ವರ್ಷದ ಕೊನೆಗೆ ಎಲ್ಲಿಗೆ ಖರ್ಚಾಗುತ್ತದೋ ದೇವರಿಗೇ ಗೊತ್ತು.

ಲೆಕ್ಕದ ಮೇಷ್ಟ್ರು
72.2. ಈಗ ಕಿವಿ 50 ದೊಡ್ಡ ಸಂಖ್ಯೆ, ಕಾಲು 40 ಚಿಕ್ಕದು. ಕಾಲಿಗೆ 45 ಬಂದರೆ ಮಾತ್ರ ಗಡಿಯ ಹತ್ತಿರ: 50 + 45 × 40 ÷ 90 = 70... ಅಲ್ಲ, ನಿಲ್ಲಿ.

ಕಡಲೆಪುರಿ
ಮೇಷ್ಟ್ರೇ?

ಐಟಿ ಹುಡುಗ
50ಕ್ಕೆ 45 ಸೇರಿಸಿದರೆ 70. ಹಾಗಾದರೆ 50ಕ್ಕೆ 40 ಸೇರಿಸಿದಾಗ 67.8, 72 ಅಲ್ಲ. 75 ಮುಟ್ಟಬೇಕಾದರೆ ಕಿವಿ 50 ಇದ್ದಾಗ ಕಾಲು 57 ಆದರೂ ಬೇಕು. ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ.

ಹಾಸನದ ಹೈದ
ಆ ಎಕ್ಸೆಲ್ ಫೈಲ್ ಇಲ್ಲಿ ಹಾಕಿ ಸಾರ್, ಊರಲ್ಲಿ ಬಹಳ ಜನಕ್ಕೆ ಬೇಕು. ಇನ್ನೊಂದು ಪ್ರಶ್ನೆ: ಓದು ಬರಹದಲ್ಲಿ ಹಿಂದಿರುವ ಮಗುವಿಗೂ, ಡಿಸ್ಲೆಕ್ಸಿಯಾ ಅಂತಾರಲ್ಲ, ಯುಡಿಐಡಿ ಸಿಗುತ್ತಾ? ಅಕ್ಕನ ಮಗಳಿಗೆ ಆರು ವರ್ಷ.

ಶಾಂತಲೆಯ ನೆರಳು
21ರ ಪಟ್ಟಿಯಲ್ಲಿ ಅದೂ ಇದೆ. ಆದರೆ 8 ವರ್ಷ ತುಂಬುವವರೆಗೆ ಪ್ರಮಾಣಪತ್ರ ಕೊಡುವುದಿಲ್ಲ. ಆಮೇಲೆ 14ಕ್ಕೆ, 18ಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಟೀಚರ್ ಹತ್ತಿರ ಮಾತಾಡಿ, ಮಗುವಿಗೆ ದಡ್ಡಿ ಅಂತ ಮಾತ್ರ ಯಾರೂ ಅನ್ನದ ಹಾಗೆ ನೋಡಿಕೊಳ್ಳಿ.

ಐಟಿ ಹುಡುಗ
ಫೈಲ್ ಹಾಕಿದ್ದೇನೆ. ಹಳದಿ ಕಾಲಂನಲ್ಲಿ ಎರಡು ಸಂಖ್ಯೆ ಬರೆದರೆ ಸಾಕು. ಮೂರು ಬಗೆಯ ವಿಕಲತೆ ಇರುವವರಿಗೆ ಇನ್ನೊಂದು ಹಾಳೆ ಸೇರಿಸುತ್ತೇನೆ, ನಾಳೆ ರಾತ್ರಿ ನೋಡಿ.